ಕೋರೆಗಾಂವದ ಗಾಡಿ, ಚಾಳೀಸಗಾಂವದ ಟಾಂಗಾ

ಏಪ್ರಿಲ್ ಮೊದಲ ವಾರ ಊರಿಗೆ ಹೋಗಿದ್ದೆ. ನಮ್ಮ ಕಡೆ ಹೈಸ್ಕೂಲೊಂದರಲ್ಲಿ ಮೇಷ್ಟ್ರಾಗಿರುವ ಹಳೇ ಗೆಳೆಯ ಸಿಕ್ಕಿದ. "ಹದಿನಾಲ್ಕನೇ ತಾರೀಕು ಅಂಬೇಡ್ಕರ್ ಜಯಂತಿ. ಪ್ರಬಂಧ ಸ್ಪರ್ಧೆ ಇಟ್ಟಿದ್ದೀವಿ. ಪ್ರತಿ ವರ್ಷ ಸ್ಟೀಲ್ ಲೋಟ ಕೊಟ್ಟು ಕೊಟ್ಟು ಸಾಕಾಗಿದೆ ಮಾರಾಯ, ಮಕ್ಕಳು ಓದೋ ಹಂಗಿರೋ ಅಂಬೇಡ್ಕರ್ ಪುಸ್ತಕ ಒಂದು ಆರಿಸಿ ಕೊಡು" ಅಂದ. ಪುಸ್ತಕ ಓದೋದು ಬಿಟ್ಟು ಬೇರೆ ಕೆಲಸ ಇಲ್ಲದವನು ಅಂತ ಊರಲ್ಲಿ ನನಗೆ ಹೆಸರಿರೋದರಿಂದ ಇಂಥ ಕೆಲಸಗಳೆಲ್ಲ ನನ್ನ ಪಾಲಿಗೇ ಬರುತ್ತವೆ.

ತಿಪಟೂರಿನಲ್ಲಿ ಒಂದೆರಡು ಅಂಗಡಿ ಸುತ್ತಿ ಮಕ್ಕಳಿಗಾಗಿ ಬರೆದ ಐದು ಪುಟ್ಟ ಪುಸ್ತಕ ತಂದೆ. ಎಲ್ಲವೂ ಐವತ್ತು ಅರವತ್ತು ಪುಟದವು. ರಟ್ಟಿನ ಮೇಲೆ ನೀಲಿ ಕೋಟು, ಕನ್ನಡಕ, ಕೈಯಲ್ಲಿ ಸಂವಿಧಾನ. ಹಿತ್ತಲಲ್ಲಿ ಕೊಬ್ಬರಿ ಒಡೆಯೋ ಸದ್ದು ಕೇಳಿಕೊಂಡು ಜಗಲಿ ಮೇಲೆ ಎರಡು ಸಂಜೆ ಕೂತು ಐದನ್ನೂ ಓದಿ ಮುಗಿಸಿದೆ. ಓದಿ ಮುಗಿಸಿದ ಮೇಲೆ ಐದು ಪುಸ್ತಕ ಓದಿದ ಹಾಗೆ ಅನ್ನಿಸಲಿಲ್ಲ, ಒಂದೇ ಪುಸ್ತಕವನ್ನು ಐದು ಸಲ ಓದಿದ ಹಾಗಿತ್ತು.

ಎಲ್ಲದರಲ್ಲೂ ಕಥೆ ಹೋಗುವುದು ಒಂದೇ ದಾರಿಯಲ್ಲಿ. 1891ರಲ್ಲಿ ಮಹೂ ದಂಡುಪ್ರದೇಶದಲ್ಲಿ ಹುಟ್ಟು, ಸುಬೇದಾರ್ ತಂದೆ, ಶಾಲೆಯಲ್ಲಿ ಅವಮಾನ, ಪ್ರೀತಿಯ ಮೇಷ್ಟ್ರು, ರಾತ್ರಿಯೆಲ್ಲ ಓದು, ಬರೋಡಾ ಮಹಾರಾಜರ ನೆರವು, ಅಮೆರಿಕ, ಲಂಡನ್, ಆಮೇಲೆ ದೊಡ್ಡದೊಂದು ಹಾರು, ಸಂವಿಧಾನ. ನಡುವೆ 1927ರ ಮಹಾಡ್ ಕೆರೆ ಸತ್ಯಾಗ್ರಹಕ್ಕೆ ಒಂದು ಪುಟ, 1930ರ ನಾಸಿಕದ ಕಾಳಾರಾಮ ದೇವಸ್ಥಾನಕ್ಕೆ ಅರ್ಧ ಪುಟ. ಒಂದು ಪುಸ್ತಕವಂತೂ ಹುಡುಗ ಭೀಮನನ್ನು ಬೀದಿ ದೀಪದ ಕೆಳಗೆ ಕೂರಿಸಿಬಿಟ್ಟಿದೆ! ನಮ್ಮ ಮಕ್ಕಳ ಪುಸ್ತಕಗಳಲ್ಲಿ ಮಹಾಪುರುಷರಾಗಬೇಕಾದರೆ ಬೀದಿ ದೀಪ ಕಡ್ಡಾಯ ಅಂತ ಕಾಣುತ್ತೆ. ಪರೇಲಿನ ಚಾಳ್‌ನ ಒಂದೇ ಕೋಣೆಯಲ್ಲಿ ಅಪ್ಪ ಬೆಳಗಿನ ಜಾವ ಎರಡು ಗಂಟೆಗೆ ಮಗನನ್ನು ಎಬ್ಬಿಸಿ ದೀಪ ಹಚ್ಚಿ ಓದಲು ಕೂರಿಸುತ್ತಿದ್ದರು ಅನ್ನೋದು ಧನಂಜಯ ಕೀರ್ ಬರೆದ ದೊಡ್ಡ ಜೀವನಚರಿತ್ರೆಯಲ್ಲಿದೆ. ಅದೇನು ಕಡಿಮೆಯೇ? ಆ ಇಕ್ಕಟ್ಟಿನ ಕೋಣೆಯನ್ನು ಬಿಟ್ಟು ಬೀದಿಗೆ ಯಾಕೆ ತಂದರೋ.

ಇರಲಿ. ನಾನು ಹೇಳಹೊರಟಿದ್ದು ಗಾಡಿಯ ಕಥೆ.

ಐದೂ ಪುಸ್ತಕಗಳಲ್ಲಿ ಎತ್ತಿನಗಾಡಿಯ ಪ್ರಸಂಗ ಇದೆ. ನೀವೂ ಓದಿರುತ್ತೀರಿ. ಅಪ್ಪನನ್ನು ನೋಡಲು ಹೊರಟ ಹುಡುಗರು ಗಾಡಿ ಹತ್ತುತ್ತಾರೆ, ದಾರಿಯಲ್ಲಿ ಇವರ ಜಾತಿ ಗೊತ್ತಾಗಿ ಗಾಡಿಯವನು ಸಿಟ್ಟಿನಿಂದ ನೊಗ ಎತ್ತಿ ಅವರನ್ನು ನೆಲಕ್ಕೆ ಕೆಡವುತ್ತಾನೆ. ಈ ರೂಪ ಬಂದಿರುವುದು ಕೀರ್ ಅವರ ಪುಸ್ತಕದಿಂದ. ಅದು ಇಂಗ್ಲಿಷಿನಲ್ಲಿ ಬಂದದ್ದು 1954ರಲ್ಲಿ, ಅಂಬೇಡ್ಕರ್ ಇನ್ನೂ ಬದುಕಿದ್ದಾಗ. ಆಮೇಲೆ ಬರೆದವರಲ್ಲಿ ಹೆಚ್ಚಿನವರು ಅದನ್ನೇ ಎದುರಿಗಿಟ್ಟುಕೊಂಡು ಬರೆದಿದ್ದಾರೆ. ತಪ್ಪೇನಿಲ್ಲ. ಆದರೆ ಅದೇ ಪ್ರಸಂಗವನ್ನು ಅಂಬೇಡ್ಕರ್ ತಾವೇ ಬರೆದಿಟ್ಟಿದ್ದಾರೆ. 1930ರ ದಶಕದ ನಡುವೆ ಬರೆದ 'ವೇಟಿಂಗ್ ಫಾರ್ ಎ ವೀಸಾ' ಅನ್ನುವ ಇಪ್ಪತ್ತು ಪುಟದಷ್ಟು ಬರಹ. ಅವರ ಕಾಲದಲ್ಲಿ ಅಚ್ಚಾಗಲಿಲ್ಲ. ಪೀಪಲ್ಸ್ ಎಜುಕೇಷನ್ ಸೊಸೈಟಿ 1990ರಲ್ಲಿ ಪುಸ್ತಿಕೆಯಾಗಿ ತಂದಿತು, 1993ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಗ್ರ ಸಂಪುಟಗಳ 12ನೆಯದರಲ್ಲಿ ಸೇರಿತು. ಅಸ್ಪೃಶ್ಯತೆ ಅಂದರೆ ಏನು ಅಂತ ಹೊರದೇಶದವರಿಗೆ ಮನವರಿಕೆ ಮಾಡಿಸಲು ಬರೆದದ್ದು. ಓದಿದರೆ ಮಾತ್ರ ಎಂಟನೇ ಕ್ಲಾಸಿನ ಹುಡುಗನಿಗೂ ಅರ್ಥವಾಗುವಂತಿದೆ.

ಅದರಲ್ಲಿ ಕಥೆ ಹೀಗಿದೆ. ವರ್ಷ 1901, ಬೇಸಿಗೆ ರಜೆ. ತಾಯಿ ತೀರಿಕೊಂಡಿದ್ದಾರೆ. ತಂದೆಗೆ ಕೋರೆಗಾಂವದಲ್ಲಿ (ಕೆಲವು ಪುಸ್ತಕಗಳಲ್ಲಿ ಗೋರೆಗಾಂವ್ ಅಂತಿದೆ) ಕ್ಯಾಷಿಯರ್ ಕೆಲಸ. ಬರಗಾಲದ ಜನರಿಗೆ ಕೂಲಿ ಸಿಗಲೆಂದು ಸರ್ಕಾರ ಕೆರೆ ತೋಡಿಸುತ್ತಿತ್ತು, ಅಲ್ಲಿ. ಸಾತಾರಾದಿಂದ ಒಂಬತ್ತು ವರ್ಷದ ಭೀಮ, ಅವನ ಅಣ್ಣ ಮತ್ತು ತೀರಿಹೋದ ಅಕ್ಕನ ಮಕ್ಕಳು ಹೊರಡುತ್ತಾರೆ. ಹೊಸ ಅಂಗಿ, ಜರಿ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಪಂಚೆ. ಮೊದಲ ರೈಲು ಪ್ರಯಾಣದ ಸಂಭ್ರಮ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದುಕೊಂಡು ಹೋಗಲು ಯಾರೂ ಬಂದಿಲ್ಲ, ಬರೆದ ಕಾಗದ ಅಪ್ಪನಿಗೆ ತಲುಪಿಲ್ಲ. ಇವರ ವೇಷ ನೋಡಿ ಬ್ರಾಹ್ಮಣರ ಮಕ್ಕಳಿರಬೇಕು ಅಂದುಕೊಂಡ ಸ್ಟೇಷನ್ ಮಾಸ್ಟರು ಕನಿಕರದಿಂದ ವಿಚಾರಿಸುತ್ತಾನೆ. ಹುಡುಗ ಹಿಂದೆಮುಂದೆ ನೋಡದೆ 'ನಾವು ಮಹಾರರು' ಅಂದುಬಿಡುತ್ತಾನೆ. ಸ್ಟೇಷನ್ ಮಾಸ್ಟರನ ಮುಖ ಬದಲಾಗುತ್ತದೆ, ಹಿಂದಕ್ಕೆ ಸರಿದು ಹೋಗುತ್ತಾನೆ.

ಮುಂದೆ ಇಲ್ಲಿ ಯಾರೂ ಯಾರನ್ನೂ ಗಾಡಿಯಿಂದ ಕೆಡವುವುದಿಲ್ಲ. ಬಾಡಿಗೆ ಗಾಡಿಗಳು ಬೇಕಾದಷ್ಟಿವೆ, ಯಾರೂ ಬರಲೊಲ್ಲರು. ಎರಡು ಪಟ್ಟು ಬಾಡಿಗೆ ಕೊಡುತ್ತೇವೆ ಅಂದರೂ ಇಲ್ಲ. ಕೊನೆಗೆ ಅದೇ ಸ್ಟೇಷನ್ ಮಾಸ್ಟರ್ ಒಂದು ಒಪ್ಪಂದ ಕುದುರಿಸುತ್ತಾನೆ: ಬಾಡಿಗೆ ಎರಡು ಪಟ್ಟು, ಗಾಡಿ ಹೊಡೆಯಬೇಕಾದದ್ದು ಹುಡುಗರೇ, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಜೊತೆಗೆ ಬುತ್ತಿ ಇದೆ, ಕುಡಿಯಲು ನೀರಿಲ್ಲ. ದಾರಿಯಲ್ಲಿ ಸಿಕ್ಕ ನೀರು ದನಗಳ ಗಂಜಳ ಸಗಣಿ ಕಲೆತದ್ದು. ಸುಂಕದ ಕಟ್ಟೆಯವನ ಹತ್ತಿರ ಹೋಗುವಾಗ ಮುಸಲ್ಮಾನರು ಅಂತ ಹೇಳಿಕೊಳ್ಳಿ ಎಂದು ಗಾಡಿಯವನೇ ಹೇಳಿಕೊಡುತ್ತಾನೆ. ಹುಡುಗ ಉರ್ದುವಿನಲ್ಲೇ ಕೇಳುತ್ತಾನೆ. ಆದರೂ ನೀರು ಸಿಗುವುದಿಲ್ಲ. ಬುತ್ತಿ ತುಂಬ ತಿಂಡಿ ಇಟ್ಟುಕೊಂಡು ಉಪವಾಸ ಮಲಗುತ್ತಾರೆ, ನೀರಿಲ್ಲದೆ ತುತ್ತು ಇಳಿಯುವುದು ಹೇಗೆ? ಮಾರನೆಯ ದಿನ ಊರು ಮುಟ್ಟುತ್ತಾರೆ.

ಯಾವುದು ನಿಜ, ಕೀರ್ ಹೇಳಿದ್ದೋ ಇದೋ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಆದರೆ ಮಗುವಿನ ಕೈಗೆ ಕೊಡುವಾಗ ಇವೆರಡೂ ಒಂದೇ ಅಲ್ಲ. ಕೆಡವಿದ ಗಾಡಿಯವನು ಸಿನಿಮಾದ ವಿಲನ್. ಅವನು ಕೆಟ್ಟವನು, ನಾವಲ್ಲ, ಕಥೆ ಮುಗಿಯಿತು. ಪಕ್ಕದಲ್ಲಿ ನಡೆದು ಬಂದ ಗಾಡಿಯವನು ಹಾಗಲ್ಲ. ಅವನು ರಾತ್ರಿಯೆಲ್ಲ ಆ ಮಕ್ಕಳ ಜೊತೆಗಿದ್ದಾನೆ, ಉಪಾಯ ಹೇಳಿಕೊಟ್ಟಿದ್ದಾನೆ, ಊರು ಮುಟ್ಟಿಸಿದ್ದಾನೆ. ಕೆಟ್ಟವನು ಅಂತ ಕರೆದು ಕೈತೊಳೆದುಕೊಳ್ಳಲು ಬರುವುದಿಲ್ಲ. ಸ್ಟೇಷನ್ ಮಾಸ್ಟರೂ ಅಷ್ಟೇ. ಇಬ್ಬರೂ ನಮ್ಮ ಊರಿನವರ ಹಾಗೇ ಇದ್ದಾರೆ.

ನಮ್ಮ ಊರಿನವರು ಅಂತ ಸುಮ್ಮನೆ ಹೇಳಲಿಲ್ಲ. 1901ರ ಹೊತ್ತಿಗೆ ತಿಪಟೂರಿಗೂ ರೈಲು ಬಂದಿತ್ತು, ಬೆಂಗಳೂರು–ಹರಿಹರದ ದಾರಿ ಮುಗಿದು ಆಗಲೇ ಹತ್ತು ವರ್ಷ ಮೇಲಾಗಿತ್ತು. ಸ್ಟೇಷನ್ನಿನಿಂದ ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ಹೋಗಬೇಕಾದರೆ ಎತ್ತಿನಗಾಡಿಯೇ ಗತಿ. ಅಲ್ಲಿ ಅಂಥ ಮಕ್ಕಳು ಇಳಿದಿದ್ದರೆ ಬೇರೆ ಏನಾದರೂ ಆಗುತ್ತಿತ್ತು ಅಂತ ನನಗಂತೂ ಅನ್ನಿಸುವುದಿಲ್ಲ.

ಅನ್ನಿಸದಿರಲು ಕಾರಣ ಇದೆ. ನಮ್ಮ ತೋಟದ ಮೋಟರ್ ಮನೆಯ ಹಿಂದೆ, ಬೇಲಿ ಗೂಟಕ್ಕೆ ಒಂದು ಕರಟ ಬೋರಲು ಹಾಕಿರುತ್ತಿತ್ತು. ಕಾಯಿ ಕೆಡವೋರು, ಸುಲಿಯೋರು, ಮಡಿಕೆ ಹೊತ್ತು ಗೊಬ್ಬರ ಹಾಕೋರು ನೀರು ಕುಡಿಯಲು ಅದು. ಎಲ್ಲರಿಗೂ ಅಲ್ಲ. ಕೆಲವರಿಗೆ ಲೋಟ, ಕೆಲವರಿಗೆ ಕರಟ. ಕರಟಕ್ಕೆ ನೀರು ಎತ್ತರದಿಂದ ಹುಯ್ಯಬೇಕು ಅಂತ ನನಗೆ ಯಾರೂ ಪಾಠ ಮಾಡಿ ಹೇಳಿಕೊಟ್ಟದ್ದು ನೆನಪಿಲ್ಲ, ನೋಡಿಯೇ ಕಲಿತಿದ್ದೆ. ಕೊಬ್ಬರಿ ಒಡೆದ ದಿನ ಹಿತ್ತಲಲ್ಲಿ ಕರಟದ ಗುಡ್ಡವೇ ಬೀಳುವ ಸೀಮೆ ನಮ್ಮದು, ಒಂದು ಒಡೆದುಹೋದರೆ ಇನ್ನೊಂದು. ಖರ್ಚಿಲ್ಲದ ಪಾತ್ರೆ. ನಮ್ಮ ಅಜ್ಜಿ ಒಳ್ಳೆಯವಳು. ಕೆಲಸದವರು ಹಸಿದು ಹೋಗಬಾರದು ಅನ್ನೋಳು, ಹಬ್ಬದ ದಿನ ಕರೆದು ಬಡಿಸೋಳು. ಕರಟ ಮಾತ್ರ ಗೂಟದ ಮೇಲೇ ಇತ್ತು. ಆರನೆಯದೋ ಏಳನೆಯದೋ ಕ್ಲಾಸಿನಲ್ಲಿ ನಾನು ಅಂಬೇಡ್ಕರ್ ಪಾಠ ಓದಿ, ಗಾಡಿಯವನನ್ನು ಬೈದುಕೊಂಡು, ಸಂಜೆ ತೋಟಕ್ಕೆ ಹೋಗಿ ಅದೇ ಕರಟಕ್ಕೆ ನೀರು ಹುಯ್ದಿದ್ದೇನೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ. ಹೊಳೆಯುವ ಹಾಗೆ ಆ ಪಾಠ ಬರೆದಿರಲೂ ಇಲ್ಲ ಅನ್ನಿ.

ಇನ್ನು ಟಾಂಗಾದ ಕಥೆ. ಇದು ನಾನು ತಂದ ಐದು ಪುಸ್ತಕಗಳಲ್ಲಿ ಒಂದರಲ್ಲೂ ಇಲ್ಲ.

ಅದೇ 'ವೀಸಾ' ಬರಹದಲ್ಲಿದೆ. ಈಗ ವರ್ಷ 1929. ಅಂಬೇಡ್ಕರ್ ಬ್ಯಾರಿಸ್ಟರ್. ಲಂಡನ್, ಕೊಲಂಬಿಯಾ ಎರಡೂ ಕಡೆಯ ಡಾಕ್ಟರೇಟ್ ಇದೆ. ಬೊಂಬಾಯಿ ಶಾಸನ ಮಂಡಲಿಯ ಸದಸ್ಯರು. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಸರ್ಕಾರ ನೇಮಿಸಿದ ಸಮಿತಿಯಲ್ಲೂ ಇದ್ದಾರೆ. ಆ ಕೆಲಸದ ಮೇಲೆಯೇ ಖಾನದೇಶಕ್ಕೆ ಹೋಗಿದ್ದವರು ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಅಲ್ಲಿನ ಕೇರಿಯ ಜನ ರಾತ್ರಿ ನಮ್ಮಲ್ಲೇ ಉಳಿಯಬೇಕು ಅಂತ ಕರೆದಿದ್ದಾರೆ. ಸ್ಟೇಷನ್ನಿನಿಂದ ಕೇರಿ ದೂರವೇನಲ್ಲ, ಆದರೂ ಟಾಂಗಾ ಬರುವುದು ತುಂಬ ಹೊತ್ತಾಗುತ್ತದೆ. ಹತ್ತಿ ಕೂತರೆ ಹೊಡೆಯುವವನಿಗೆ ಹಿಡಿತವೇ ಇಲ್ಲ, ಸ್ವಲ್ಪದರಲ್ಲಿ ಎದುರಿಗೆ ಬಂದ ಕಾರಿಗೆ ಗುದ್ದುವುದು ತಪ್ಪುತ್ತದೆ. ಮುಂದೆ ಹೊಳೆಯ ಮೋರಿ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿ ಅಂಬೇಡ್ಕರ್ ಹಾರಿ ಕಲ್ಲು ನೆಲದ ಮೇಲೆ ಬೀಳುತ್ತಾರೆ. ಕುದುರೆ, ಗಾಡಿ ಹೊಳೆಗೆ. ಕಾಲು ಮುರಿಯುತ್ತದೆ.

ಆಮೇಲೆ ಗೊತ್ತಾಗುತ್ತದೆ. ಸ್ಟೇಷನ್ನಿನಲ್ಲಿದ್ದ ಟಾಂಗಾದವರು ಯಾರೂ ಇವರನ್ನು ಕೂರಿಸಿಕೊಂಡು ಹೊಡೆಯಲು ಒಪ್ಪಿಲ್ಲ. ಟಾಂಗಾ ಬಾಡಿಗೆಗೆ ಬೇಕಾದರೆ ಕೊಡ್ತೀವಿ, ಹೊಡೆಯೋದು ನೀವೇ ಅಂದಿದ್ದಾರೆ. ಅತಿಥಿ ನಡೆದು ಬರುವುದು ಕೇರಿಯವರಿಗೆ ಮರ್ಯಾದೆ ಅನ್ನಿಸಿಲ್ಲ. ಟಾಂಗಾ ಹೊಡೆದು ಗೊತ್ತಿಲ್ಲದ ಒಬ್ಬ ಹುಡುಗನನ್ನೇ ಕೂರಿಸಿದ್ದಾರೆ.

1901, 1929. ಎರಡರ ನಡುವೆ ಇಪ್ಪತ್ತೆಂಟು ವರ್ಷ, ಮೂರು ದೇಶದ ಓದು. ಕರಾರು ಮಾತ್ರ ಒಂಚೂರೂ ಬದಲಾಗಿಲ್ಲ: ಗಾಡಿ ಕೊಡ್ತೀವಿ, ಹೊಡೆಯೋದು ನೀವೇ.

ಮೊದಲನೆಯದು ಮಕ್ಕಳ ಪುಸ್ತಕದಲ್ಲಿದ್ದು ಎರಡನೆಯದು ಯಾಕಿಲ್ಲ? ಪುಟ ಸಾಲದೆ ಅಲ್ಲ ಅಂತ ನನ್ನ ಅನುಮಾನ. ನಮ್ಮ ಮಕ್ಕಳ ಜೀವನಚರಿತ್ರೆಗಳ ಬೆನ್ನೆಲುಬೇ 'ಕಷ್ಟಪಟ್ಟು ಓದಿದರೆ ಎಲ್ಲ ಸರಿಹೋಗುತ್ತದೆ' ಅನ್ನೋದು. ಬಾಲ್ಯದ ಅವಮಾನ ಆ ಕಥೆಗೆ ಬೇಕೇಬೇಕು, ಅದು ಮೆಟ್ಟಿಲು. ಓದು ಮುಗಿಸಿ ಬಂದ ಮೇಲಿನ ಅವಮಾನ ಬಂದರೆ ಮೆಟ್ಟಿಲೇ ಕುಸಿಯುತ್ತದೆ. 1917ರಲ್ಲಿ ಬರೋಡಾದಲ್ಲಿ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದ್ದನ್ನು ಒಂದೆರಡು ಪುಸ್ತಕ ಹೇಳುತ್ತವೆ, ಅದೂ ಓಡುವ ದನಿಯಲ್ಲಿ. ಟಾಂಗಾ ಕಥೆ ಬರೆದರೆ ಯಾವುದಾದರೂ ಮಗು ಕೈ ಎತ್ತಿ 'ಅಷ್ಟೊಂದು ಓದಿದರೂ ಹಿಂಗೇನಾ ಸಾರ್?' ಅಂತ ಕೇಳುತ್ತೆ. ಹಾಗೆ ಕೇಳಿದ ಮೇಲೆ ತಾನೇ ಮಹಾಡ್ ಕೆರೆ ಯಾಕೆ, ಕಾಳಾರಾಮ ದೇವಸ್ಥಾನ ಯಾಕೆ, ಮೀಸಲಾತಿ ಯಾಕೆ, 1951ರಲ್ಲಿ ಮಂತ್ರಿಗಿರಿಗೆ ರಾಜೀನಾಮೆ ಯಾಕೆ ಅನ್ನೋದೆಲ್ಲ ಶುರುವಾಗೋದು? ಈ ಪುಸ್ತಕಗಳಲ್ಲಿ ಅಂಬೇಡ್ಕರ್ ಓದಿದರು ಅಂತಿದೆ, ಕಟ್ಟಿದರು, ಹೋರಾಡಿದರು, ಸಿಟ್ಟಾದರು ಅನ್ನೋದು ಕಡಿಮೆ.

ಮೇಷ್ಟ್ರ ಕಥೆಯೂ ಅಷ್ಟೇ. ಅಂಬಾವಡೆ ಅನ್ನೋ ಊರಿನಿಂದ ಬಂದ ಅಂಬಾವಡೇಕರ್ ಎಂಬ ಹೆಸರನ್ನು ಒಬ್ಬ ಬ್ರಾಹ್ಮಣ ಮೇಷ್ಟ್ರು ತಮ್ಮ ಹೆಸರಾದ ಅಂಬೇಡ್ಕರ್ ಅಂತ ಬದಲಿಸಿದರು ಅನ್ನೋದು ಕೀರ್ ಪುಸ್ತಕದಲ್ಲಿದೆ. ನಾನು ತಂದ ಪುಸ್ತಕಗಳಲ್ಲಿ ಇದಕ್ಕೆ ಎರಡು ಮೂರು ಪುಟ, ಚಿತ್ರ ಬೇರೆ. ಗೋಣಿತಟ್ಟಿಗೆ ಒಂದು ಸಾಲು. ಅಂಬೇಡ್ಕರ್ ತಮ್ಮ ಬರಹದಲ್ಲಿ ಗೋಣಿತಟ್ಟಿಗೇ ಹೆಚ್ಚು ಜಾಗ ಕೊಟ್ಟಿದ್ದಾರೆ. ಶಾಲೆ ಗುಡಿಸುವವನು ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ದಿನಾ ಮನೆಗೆ ಹೊತ್ತುಕೊಂಡು ಹೋಗಿ ಮತ್ತೆ ತರಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಜವಾನ ಇಲ್ಲದ ದಿನ ನೀರಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ರೋಸಾ ಪಾರ್ಕ್ಸ್ ಗೊತ್ತಲ್ಲ, 1955ರ ಡಿಸೆಂಬರ್ 1ರಂದು ಮಾಂಟ್‌ಗೊಮೆರಿಯ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡದೆ ಕೂತವಳು. ಮಕ್ಕಳ ಪುಸ್ತಕಗಳಲ್ಲಿ ಆಕೆ ದಿನವಿಡೀ ಹೊಲಿಗೆ ಕೆಲಸ ಮಾಡಿ ದಣಿದ ಪಾಪದ ಹೆಂಗಸು, ಕಾಲು ನೋವು, ಅದಕ್ಕೇ ಏಳಲಿಲ್ಲ! ನಿಜವಾಗಿ ಆಕೆ ಹತ್ತು ವರ್ಷಕ್ಕೂ ಮೇಲೆ ಕರಿಯರ ಹಕ್ಕಿನ ಸಂಘಟನೆಯಲ್ಲಿ ದುಡಿದವಳು, ಅದರ ಸ್ಥಳೀಯ ಶಾಖೆಯ ಕಾರ್ಯದರ್ಶಿಯಾಗಿದ್ದವಳು. ಈ ದಣಿವಿನ ಕಥೆ ಕೇಳಿ ಕೇಳಿ ಬೇಸತ್ತಿರಬೇಕು, 1992ರಲ್ಲಿ ಎಳೆಯರಿಗಾಗಿಯೇ ತನ್ನ ಕಥೆಯನ್ನು ತಾನೇ ಬರೆದು, ಆವತ್ತು ಮೈ ದಣಿದಿರಲಿಲ್ಲ, ಸೋತು ಸೋತು ದಣಿದಿದ್ದೆ ಅನ್ನುವ ಅರ್ಥದ ಮಾತು ಹೇಳಿದಳು. ಆಕೆಗಿಂತ ಒಂಬತ್ತು ತಿಂಗಳ ಮುಂಚೆ ಅದೇ ಊರಿನ ಬಸ್ಸಿನಲ್ಲಿ ಸೀಟು ಬಿಡದೆ ಅರೆಸ್ಟ್ ಆದ ಕ್ಲಾಡೆಟ್ ಕಾಲ್ವಿನ್‌ಗೆ ಆಗ ಹದಿನೈದೇ ವರ್ಷ. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆ ಕಥೆ ಬೇಕೆ? ಆದರೆ ಆಕೆಯನ್ನು ಕುರಿತು ಎಳೆಯರಿಗೆ ಹೆಸರಾದ ಪುಸ್ತಕ ಬಂದದ್ದು 2009ರಲ್ಲಿ, ಫಿಲಿಪ್ ಹೂಸ್ ಬರೆದದ್ದು.

ಅಲ್ಲಿಂದಲೇ ಇನ್ನೊಂದು ಥರದ ಉದಾಹರಣೆಯೂ ಇದೆ. ಆ ಬಸ್ ಬಹಿಷ್ಕಾರದ ಮೇಲೆ, ಮಾರ್ಟಿನ್ ಲೂಥರ್ ಕಿಂಗ್ ಹೆಸರಿನಲ್ಲಿ 1957ರಲ್ಲಿ ಹದಿನಾರು ಪುಟದ ಕಾಮಿಕ್ಸ್ ಬಂತು. ಬೆಲೆ ಹತ್ತು ಸೆಂಟ್. ಕಿಂಗ್ ಎಷ್ಟು ಜಾಣ ಹುಡುಗ ಅನ್ನೋದಕ್ಕಿಂತ ಅವರು ಮಾಡಿದ್ದನ್ನು ನೀವೂ ಮಾಡುವುದು ಹೇಗೆ ಅನ್ನೋದು ಅದಕ್ಕೆ ಮುಖ್ಯ. ಕೊನೆಯ ಪುಟಗಳಲ್ಲಿ ಅಹಿಂಸೆಯ ಹೋರಾಟವನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಟ್ಟಿದೆ.

ಕಾಮಿಕ್ಸ್ ಅಂದ ಕೂಡಲೇ ಅಮರ ಚಿತ್ರ ಕಥೆ ನೆನಪಾಗುತ್ತೆ. ಅಂದ ಹಾಗೆ ಅದರ ಬೇರು ಕನ್ನಡದಲ್ಲಿದೆ. ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ 1965ರ ಹೊತ್ತಿಗೆ ಪಶ್ಚಿಮದ ಹತ್ತು ಕಥೆಗಳನ್ನು ಕನ್ನಡದಲ್ಲಿ ತಂದರು, ಅದಕ್ಕೇ ಅನಂತ ಪೈ ಅವರ ಮೊದಲ 'ಕೃಷ್ಣ'ನಿಗೆ ಹನ್ನೊಂದನೇ ನಂಬರು. ದೇವರು, ರಾಜರು, ಋಷಿಗಳೆಲ್ಲ ಬಂದು ಹೋದ ಮೇಲೆ 1979ರಲ್ಲಿ ಅಂಬೇಡ್ಕರ್ ಸರದಿ ಬಂತು. ಟಾಂಗಾ ಕಥೆ ಇರುವ ಆ 'ವೀಸಾ' ಬರಹವನ್ನೇ ಇಟ್ಟುಕೊಂಡು ಚಿತ್ರಪುಸ್ತಕ ಮಾಡಿದ್ದು 2011ರ 'ಭೀಮಾಯಣ'. ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಚಿತ್ರ ಬರೆದಿದ್ದಾರೆ. ಅದರಲ್ಲಿ ಮೆತ್ತಗೆ ಮಾತಾಡುವವರ ಮಾತು ಹಕ್ಕಿಯ ಆಕಾರದಲ್ಲಿರುತ್ತೆ, ಕುಟುಕುವವರ ಮಾತಿಗೆ ಚೇಳಿನ ಕೊಂಡಿ. ನೀರು, ನೆಲೆ, ಪ್ರಯಾಣ ಅಂತ ಮೂರು ಭಾಗ. ಬೆಲೆ ಮಾತ್ರ ಹಳ್ಳಿ ಸ್ಕೂಲಿನ ಬಹುಮಾನದ ಬಜೆಟ್ಟಿಗೆ ಎಟುಕುವುದಿಲ್ಲ.

ಪುಸ್ತಕಗಳಿಗಿಂತ ಹೆಚ್ಚು ಮಕ್ಕಳನ್ನು ಮುಟ್ಟಿದ್ದು 2020ರಲ್ಲಿ ಜೀ ಕನ್ನಡದಲ್ಲಿ ಬಂದ ಡಬ್ಬಿಂಗ್ ಧಾರಾವಾಹಿ 'ಮಹಾನಾಯಕ' ಅನ್ನಬೇಕು. ಕೊರೊನಾ ಕಾಲ, ಸ್ಕೂಲಿಲ್ಲ, ಶನಿವಾರ ಭಾನುವಾರ ಟಿವಿ ಮುಂದೆ ಮಕ್ಕಳು. ಹಳ್ಳಿ ಹಳ್ಳಿಯಲ್ಲಿ ಫ್ಲೆಕ್ಸ್ ಕಟ್ಟಿದರು. ಅದರಲ್ಲೂ ವಿಲನ್‌ಗಳು ವಿಲನ್‌ಗಳೇ, ಆದರೂ ಹುಡುಗ ಭೀಮ ಎದುರು ಮಾತಾಡುತ್ತಿದ್ದ, ಪ್ರಶ್ನೆ ಕೇಳುತ್ತಿದ್ದ. ನಮ್ಮ ಪುಸ್ತಕಗಳ ಭೀಮನ ಹಾಗೆ ಸದಾ ಓದುತ್ತಲೇ ಕೂತಿರುತ್ತಿರಲಿಲ್ಲ. ಇನ್ನೊಂದು ಮಾತು, ಅಂಬೇಡ್ಕರ್ 1925ರಲ್ಲಿ ನಿಪ್ಪಾಣಿಗೆ ಬಂದು ಸಮಾವೇಶ ನಡೆಸಿದ್ದು, 1954ರಲ್ಲಿ ಕೋಲಾರದ ಚಿನ್ನದ ಗಣಿಗೆ ಬಂದಿದ್ದು, ಇವು ನಾನು ತಂದ ಐದು ಕನ್ನಡ ಪುಸ್ತಕಗಳಲ್ಲಿ ಒಂದರಲ್ಲೂ ಇಲ್ಲ. ಎಲ್ಲವೂ ದೂರದ ಮಹಾರಾಷ್ಟ್ರದಲ್ಲಿ ನಡೆದಂತೆ ಓದಿಸಿಕೊಂಡು ಹೋಗುತ್ತವೆ.

ಒಂದು ಪುಟ್ಟ ಪುಸ್ತಕಕ್ಕೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅಂತ ಗೆಳೆಯನೂ ಕೇಳಿದ. ಅವನಿಗೆ ಕೇಳುಸ್ಕರ್ ಕಥೆ ಹೇಳಿದೆ. ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅಂತ ಮರಾಠಿ ಲೇಖಕರು, ಅಂಬೇಡ್ಕರರ ತಂದೆಯ ಸ್ನೇಹಿತರು. ಹುಡುಗ ಪಾಸಾದನೆಂದು ಸಭೆ ಮಾಡಲು ಕೇರಿಯವರು ಹೊರಟರೆ ತಂದೆ ಬೇಡ ಅಂತಾರೆ, ಮಗನ ತಲೆ ತಿರುಗೀತು ಅಂತ. ಕೇಳುಸ್ಕರ್ ಬಂದು ಒಪ್ಪಿಸುತ್ತಾರೆ. ಆ ಸಭೆಯಲ್ಲಿ ತಾವು ಬರೆದ ಬುದ್ಧನ ಜೀವನಚರಿತ್ರೆಯನ್ನು ಹುಡುಗನಿಗೆ ಉಡುಗೊರೆ ಕೊಡುತ್ತಾರೆ. ಪುಸ್ತಕಗಳಲ್ಲಿ ಇದು 1907ರ ಮೆಟ್ರಿಕ್ ಪಾಸಾದಾಗ ಅಂತಿದೆ. ಅಂಬೇಡ್ಕರ್ ಮಾತ್ರ ತಮ್ಮ ಬುದ್ಧನ ಪುಸ್ತಕಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ ಇಂಗ್ಲಿಷ್ ನಾಲ್ಕನೇ ಇಯತ್ತೆ ಪಾಸಾದಾಗ ಅಂತಾರೆ. ಯಾವುದೇ ಇರಲಿ, ಆ ಪುಸ್ತಕ ಓದಿದ ಹುಡುಗ ಅಪ್ಪನ ಹತ್ತಿರ ಹೋಗಿ, ನಮಗೆ ರಾಮಾಯಣ ಮಹಾಭಾರತ ಓದಿಸಿದಿರಿ, ಇದನ್ನು ಯಾಕೆ ಓದಿಸಲಿಲ್ಲ ಅಂತ ಜಗಳ ತೆಗೆದ. ಅದೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. ಬಹುಮಾನಕ್ಕೆ ಕೊಟ್ಟ ಪುಸ್ತಕ ಕಣಪ್ಪಾ ಅದು, ಅಂದೆ.

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. "ಟಾಂಗಾ ಕಥೆ ಹೇಳಬಹುದು. ಆದರೆ ನನ್ನ ಕ್ಲಾಸಿನಲ್ಲಿ ಕರಟ ಇಟ್ಟೋರ ಮೊಮ್ಮಕ್ಕಳೂ ಇದಾರೆ, ಕರಟದಲ್ಲಿ ಕುಡಿದೋರ ಮೊಮ್ಮಕ್ಕಳೂ ಇದಾರೆ, ಒಂದೇ ಬೆಂಚಲ್ಲಿ. ನಾಳೆ ಯಾರಾದರೂ ಬಂದು ಗಲಾಟೆ ಮಾಡಿದರೆ?" ಅಂದ. ಅವನ ಭಯ ಸುಳ್ಳಲ್ಲ. ನಾನು ಬೆಂಗಳೂರು ಬಸ್ಸು ಹತ್ತಿಬಿಡೋನು, ಅವನು ಅಲ್ಲೇ ಇರಬೇಕಾದೋನು.

ಕೊನೆಗೆ ಹೀಗೆ ಮಾಡಿದೆವು. ಐದರಲ್ಲಿ ಬೀದಿ ದೀಪ ಇಲ್ಲದ ಒಂದನ್ನು ಹನ್ನೆರಡು ಪ್ರತಿ ತಂದೆವು. ಅದರ ಜೊತೆಗೆ 'ವೀಸಾ' ಬರಹದ ಎರಡು ಪ್ರಸಂಗಗಳನ್ನು, ಗಾಡಿಯದು ಮತ್ತು ಟಾಂಗಾದು, ನಾನು ನನ್ನ ಮಾತಿನಲ್ಲೇ ನಾಲ್ಕು ಪುಟ ಕನ್ನಡದಲ್ಲಿ ಬರೆದು, ಕೆ.ಬಿ. ಕ್ರಾಸ್‌ನಲ್ಲಿ ಜೆರಾಕ್ಸ್ ಮಾಡಿಸಿ, ಒಂದೊಂದರ ಒಳಗೆ ಮಡಚಿ ಇಟ್ಟೆವು. ಕರಟದ ವಿಷಯ ಬರೆಯಲಿಲ್ಲ. ಬರೆಯಲು ಹೊರಟು ಎರಡು ಸಲ ಹೊಡೆದುಹಾಕಿದೆ.

ಹದಿನೈದನೇ ತಾರೀಕು ಗೆಳೆಯ ಫೋನ್ ಮಾಡಿದ್ದ. ಗಲಾಟೆ ಏನೂ ಆಗಲಿಲ್ಲವಂತೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ ಜೆರಾಕ್ಸ್ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದು, "ಸಾರ್, ಆ ಗಾಡಿಯವನು ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ ಏನಂತ ಹೇಳಿರ್ತಾನೆ?" ಅಂತ ಕೇಳಿದಳಂತೆ.